ಅರವತ್ತೈದರಲ್ಲಿ ಬರುವ ನಡುಕ

“ಮೇಡಂ, ಆಪ್ ಉತರಿಯೇ. ಮೈಂ ಚಲಾಕೆ ದೇಖ್ತಾ ಹೂಂ.”

“ನಹೀಂ ಉತರೂಂಗಿ!”

ತಾನೇ ಓಡಿಸಿ ನೋಡುತ್ತೇನೆಂದು ಕಾರಿನ ಬಾಗಿಲಿನ ಹಿಡಿಯ ಮೇಲಿಟ್ಟಿದ್ದ ಕೈಯನ್ನು ಮೆಕ್ಯಾನಿಕ್ ಹಿಂದಕ್ಕೆ ತೆಗೆದ. ಇಳಿಯುವುದಿಲ್ಲ ಎಂದು ಇಷ್ಟು ಜೋರಾಗಿ ಹೇಳಿದ ಗಿರಾಕಿಯನ್ನು ಅವನು ಈವರೆಗೆ ಕಂಡಿರಲಿಲ್ಲ.

2013ರ ಜನವರಿಯ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಥಾಣೆ ಸಮೀಪದ ಕಲ್ಯಾಣದಿಂದ ಭಿವಂಡಿಗೆ ಹೋಗುವಾಗ ದುರ್ಗಾಡಿ ಸೇತುವೆ ದಾಟಿದರೆ ಕೋನ್‌ಗಾಂವ್. ಅಲ್ಲಿತ್ತು ಆ ಗ್ಯಾರೇಜ್. ಆಟೋಮ್ಯಾಟಿಕ್ ಗಾಡಿಯ ಒಳಗನ್ನು ಬಲ್ಲವರು ಆ ಸುತ್ತಿನಲ್ಲಿ ಇವನೊಬ್ಬನೇ ಎಂದು ಯಾರೋ ಹೇಳಿದ್ದರಿಂದ ಸ್ವರ್ಣಲತಾ ಬಂದಿದ್ದಳು.

ಅವಳ ಕೋಪಕ್ಕೆ ಕಾರಣವಿತ್ತು. ಇದಕ್ಕೆ ಮೊದಲು ಇಬ್ಬರು ಮೆಕ್ಯಾನಿಕರು ಅವಳನ್ನು ಕೆಳಗಿಳಿಸಿ, ತಾವೇ ಒಂದು ಸುತ್ತು ಓಡಿಸಿಕೊಂಡು ಬಂದು, “ಗಾಡಿಗೆ ಏನೂ ಆಗಿಲ್ಲ, ಮೇಡಂ ಓಡಿಸುವ ರೀತಿ ಸರಿಯಿಲ್ಲ” ಎಂದಿದ್ದರು. ಹಾಗೆನ್ನುವಾಗ ಇಬ್ಬರೂ ಅವಳ ಎಡಗಾಲಿನ ಕಡೆ ನೋಡಿದ್ದರು.

“ನಡುಕ ಬರುವುದು ನಾನು ಓಡಿಸುವಾಗ. ನೀವು ಪಕ್ಕದಲ್ಲಿ ಕೂತು ನೋಡಿ. ಆಗದಿದ್ರೆ ಹೇಳಿ, ಹೋಗ್ತೇನೆ!” ಎಂದಳು, ಹಿಂದಿಯಲ್ಲೇ.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು.

“ಪಪ್ಪ, ಎಂಕ್ ದಾಲ ಆತ್‌ಜಿ. ಗ್ಯಾರೇಜ್‌ಡ್ ಉಲ್ಲೆ,” ಎಂದು ತುಳುವಿನಲ್ಲಿ ಹೇಳಿ ಫೋನ್ ಇಟ್ಟಳು. ನನಗೇನೂ ಆಗಿಲ್ಲ ಎಂಬ ಮಾತನ್ನು ಅವಳು ದಿನಕ್ಕೆ ನಾಲ್ಕು ಸಲವಾದರೂ ಅಪ್ಪನಿಗೆ ಹೇಳಬೇಕಾಗುತ್ತಿತ್ತು.

ಮೆಕ್ಯಾನಿಕನ ಮುಖ ಅರಳಿತು. “ಊರಿನವರಾ ನೀವು? ನಾನು ಕಾರ್ಕಳದ ಹತ್ತಿರದವ. ತಾರಾನಾಥ.”

ಅವನು ಕೈ ಒರೆಸಿಕೊಂಡು, ಕಾರಿನ ಆ ಬದಿಗೆ ಹೋಗಿ, ಅವಳ ಪಕ್ಕದ ಸೀಟಿನಲ್ಲಿ ಕುಳಿತ.

‘ಈಗ ಕಾಲಿನ ವಿಷಯ ಕೇಳ್ತಾನೆ...’ ಎಂದುಕೊಂಡಳು ಅವಳು.

“ನಡುಕ ನಿಂತಾಗಲಾ, ಓಡುವಾಗಲಾ?” ಎಂದು ಕೇಳಿದ ಅವನು.

ಅಷ್ಟೇ!

ಎರಡು ವರ್ಷಗಳಿಂದ ಆ ಗಾಡಿ ಓಡಿಸುತ್ತಿದ್ದ ಸ್ವರ್ಣಲತಾಳಿಗೆ ಉತ್ತರ ಗೊತ್ತಿತ್ತು. ಅದನ್ನು ಯಾರೂ ಅವಳಲ್ಲಿ ಕೇಳಿರಲಿಲ್ಲ.

“ಎರಡೂ. ಆದ್ರೆ ಎರಡೂ ಒಂದೇ ಅಲ್ಲ,” ಎಂದಳು. “ಸಿಗ್ನಲ್‌ನಲ್ಲಿ ನಿಂತಾಗ ಸೀಟು, ಸ್ಟಿಯರಿಂಗ್ ಎಲ್ಲ ಗಡಗಡ ಅಂತದೆ. ಬೈಪಾಸಿನಲ್ಲಿ ಬರುವುದು ಬೇರೆ... ಸಣ್ಣದು. ಕಲ್ಲು ಹಾಸಿದ ದಾರಿಯಲ್ಲಿ ಹೋದ ಹಾಗೆ. ಸ್ವಲ್ಪ ಹೊತ್ತು ಬಂದು ಹೋಗ್ತದೆ.”

ತಾರಾನಾಥ ಅವಳನ್ನು ತಿರುಗಿ ನೋಡಿದ. “ಇಷ್ಟು ಸರಿಯಾಗಿ ಹೇಳುವವರು ನಮಗೆ ಸಿಗುವುದಿಲ್ಲ. ನೀವು ಎಂತ ಕೆಲಸ ಮಾಡುದು?”

“ಭಿವಂಡಿಯ ಗೋದಾಮಿನಲ್ಲಿ ಬಟ್ಟೆ ಚೆಕಿಂಗ್. ಥಾನು ಬಿಚ್ಚಿ ನೇಯ್ಗೆಯ ತಪ್ಪು ಹುಡುಕುದು.”

“ಹಾಗಾದ್ರೆ ನನ್ನದೂ ನಿಮ್ಮದೂ ಒಂದೇ ಕೆಲಸ,” ಎಂದು ಅವನು ನಕ್ಕ.

ಅವಳು ಗಾಡಿ ಹೊರಡಿಸಿದಳು. ಸೇತುವೆಯ ಮೇಲೆ ಎಂದಿನಂತೆ ಟ್ರಾಫಿಕ್ ಕಟ್ಟಿಕೊಂಡಿತ್ತು. ಬ್ರೇಕ್ ಒತ್ತಿ ನಿಂತ ಕೂಡಲೇ ಗಾಡಿ ನಡುಗಿತು. “ಗೇರ್ ಎನ್‌ಗೆ ಹಾಕಿ,” ಎಂದ ತಾರಾನಾಥ. ಅವಳು ಗೇರಿನ ದಂಡವನ್ನು ಓಡುವ ‘ಡಿ’ಯಿಂದ ನ್ಯೂಟ್ರಲ್ ‘ಎನ್’ಗೆ ಸರಿಸಿದಳು. ನಡುಕ ಬಹುಪಾಲು ನಿಂತಿತು. ಮತ್ತೆ ‘ಡಿ’. ಮತ್ತೆ ನಡುಕ!

“ಎಂಜಿನ್ ಕೂತಿರುವ ರಬ್ಬರ್ ಉಂಟಲ್ಲ, ಮೌಂಟಿಂಗ್, ಅದು ಹರಿದಿದೆ. ಗೇರಿನಲ್ಲಿ ನಿಲ್ಲಿಸಿದಾಗ ಎಂಜಿನ್‌ಗೆ ಭಾರ ಬೀಳ್ತದೆ, ಪೆಟ್ಟು ಸೀದಾ ಬಾಡಿಗೆ ಬರ್ತದೆ. ನಿಮ್ಮ ಡ್ರೈವಿಂಗ್‌ಗೂ ಇದಕ್ಕೂ ಸಂಬಂಧವೇ ಇಲ್ಲ.”

ಸ್ವರ್ಣಲತಾ ಮುಖ ತಿರುಗಿಸಿ ಸೇತುವೆಯ ಕೆಳಗಿನ ಖಾಡಿಯ ನೀರನ್ನು ನೋಡುತ್ತ ಕುಳಿತಳು. ಕಣ್ಣು ಒದ್ದೆಯಾಗಿತ್ತು. ಒಂದು ರಬ್ಬರಿನ ತುಂಡಿಗೆ ಅಳು ಬರುವುದೆಂದರೆ ಅವಳಿಗೇ ನಾಚಿಕೆಯಾಯಿತು.

ಮೌಂಟಿಂಗ್ ಅದೇ ದಿನ ಬದಲಾಯಿತು. ಇನ್ನೊಂದು ನಡುಕಕ್ಕೆ ಉದ್ದದ ಖಾಲಿ ರಸ್ತೆ ಬೇಕಾಗಿತ್ತು. ಮುಂದಿನ ಶನಿವಾರ ಬೆಳಿಗ್ಗೆ ಇಬ್ಬರೂ ಭಿವಂಡಿ ಬೈಪಾಸಿಗೆ ಹೋದರು.

ಆ ವಾರದಲ್ಲಿ ಅವನು ಮೂರು ಸಲ ಫೋನ್ ಮಾಡಿದ್ದ. ಮೊದಲನೆಯದು ಮೌಂಟಿಂಗ್ ಹೇಗಿದೆ ಎಂದು ಕೇಳಲು. ಉಳಿದೆರಡಕ್ಕೆ ಕಾರಣ ಇರಲಿಲ್ಲ. ಶಾರ್ಜಾದ ಗ್ಯಾರೇಜಿನಲ್ಲಿ ಎಂಟು ವರ್ಷ ದುಡಿದದ್ದು, ಅಲ್ಲಿ ಕೆಲಸ ಹೋಗಿ ವಾಪಸು ಬಂದಾಗ ನಿಶ್ಚಯವಾಗಿದ್ದ ಮದುವೆ ಮುರಿದದ್ದು, ಎಲ್ಲವನ್ನೂ ಅವನು ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದ್ದ. ಅವಳು ಕೇಳಿಸಿಕೊಂಡಿದ್ದಳು. ಊರ ಕಡೆಯ ಗಂಡಸರನ್ನೆಲ್ಲ ಹೆಸರಿನ ಮುಂದೆ ‘ಅಣ್ಣ’ ಸೇರಿಸಿ ಕರೆಯುವವಳು, ಇವನನ್ನು ಮಾತ್ರ ಏನೂ ಕರೆಯದೆ ಮಾತು ಮುಗಿಸುತ್ತಿದ್ದಳು.

ಬೈಪಾಸಿನಲ್ಲಿ ವೇಗದ ಮುಳ್ಳು ಅರವತ್ತೈದಕ್ಕೆ ಬಂದಾಗ ಆ ಸಣ್ಣ ನಡುಕ ಶುರುವಾಯಿತು.

“ಬಂತು!” ಎಂದಳು.

“ಹೂಂ. ವೇಗ ಬದಲಾಯಿಸಬೇಡಿ. ಆಕ್ಸಲರೇಟರ್ ಹಾಗೇ ಇರಲಿ. ಈಗ ಎಡಗಾಲಲ್ಲಿ ಬ್ರೇಕನ್ನು ಸ್ವಲ್ಪವೇ ಮುಟ್ಟಿ...”

ಅವನ ಮಾತು ಅಲ್ಲಿಗೇ ನಿಂತಿತು.

ಅವಳ ಎಡಗಾಲು ಕದಲಿರಲಿಲ್ಲ.

“ಎಡಗಾಲು ಮಂಡಿಯ ಕೆಳಗೆ ಇಲ್ಲ,” ಎಂದಳು ಸ್ವರ್ಣಲತಾ. ಕಣ್ಣು ರಸ್ತೆಯ ಮೇಲೇ ಇತ್ತು. “2008ರಲ್ಲಿ ವಿಠ್ಠಲವಾಡಿ ಸ್ಟೇಶನ್‌ನಲ್ಲಿ ಲೋಕಲ್ ಹತ್ತುವಾಗ ಬಿದ್ದೆ. ಈಗಿರುದು ಕೃತಕ ಕಾಲು. ಬ್ರೇಕು, ಆಕ್ಸಲರೇಟರ್ ಎರಡಕ್ಕೂ ಬಲಗಾಲೇ. ಅದಕ್ಕೇ ನನಗೆ ಆಟೋಮ್ಯಾಟಿಕ್ ಬೇಕು. ಕ್ಲಚ್ ಒತ್ತಲಿಕ್ಕೆ ಆಗುದಿಲ್ಲ.”

‘ಹೇಳಿಯಾಯಿತು. ಇನ್ನು ಅಯ್ಯೋ ಪಾಪ ಅಂತಾನೆ...’

ಅವನು ಒಂದು ಕ್ಷಣ ಯೋಚಿಸಿದ. “ಸರಿ. ಹಾಗಾದ್ರೆ ಕೈಯಲ್ಲಿ ಮಾಡುವ. ಗೇರ್ ದಂಡದ ಬದಿಯಲ್ಲಿ ಒಂದು ಬಟನ್ ಉಂಟು ನೋಡಿ, ಮೇಲಿನ ಗೇರ್ ಬಂದ್ ಮಾಡುವಂಥದ್ದು. ಅದನ್ನು ಒತ್ತಿ. ವೇಗ ಅಷ್ಟೇ ಇರಲಿ.”

ಅವಳು ಒತ್ತಿದಳು. ಗಾಡಿ ಒಂದು ಗೇರು ಕೆಳಗಿಳಿಯಿತು. ಎಂಜಿನ್ ಸದ್ದು ಏರಿತು. ಮುಳ್ಳು ಅರವತ್ತೈದರಲ್ಲೇ ಇತ್ತು.

ನಡುಕ ಮಾತ್ರ ಇರಲಿಲ್ಲ!

“ಹೋಯ್ತು!” ಎಂದಳು ಮಗುವಿನ ಹಾಗೆ.

“ವೇಗ ಅದೇ, ಚಕ್ರ ಅದೇ. ಆದ್ರೂ ನಡುಕ ಹೋಯ್ತು. ಅಂದ್ರೆ ಟೈರಿನದ್ದಲ್ಲ,” ಎಂದು ಅವನು ವಿವರಿಸಿದ. “ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕನ್ವರ್ಟರ್ ಅಂತ ಉಂಟು. ಈ ವೇಗಕ್ಕೆ ಬಂದಾಗ ಅದು ಎರಡನ್ನೂ ಒಟ್ಟಿಗೆ ಹಿಡಿದು ಲಾಕ್ ಮಾಡ್ತದೆ. ಒಳಗಿನ ಆಯಿಲ್ ಹಳೇದಾದ್ರೆ ಆ ಹಿಡಿತ ಜಾರಿ ಜಾರಿ ಕೂರ್ತದೆ. ಹೆಚ್ಚಾಗಿ ಹೊಸ ಆಯಿಲ್ ಹಾಕಿದ್ರೆ ಸರಿಯಾಗ್ತದೆ.”

“ಹೆಚ್ಚಾಗಿ... ಅಂದ್ರೆ?”

“ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟೆ ಬಿಚ್ಚಿ ನೋಡ್ಬೇಕು. ಲೋಹದ ಚೂರು ಸಿಕ್ಕಿದ್ರೆ ಗೇರ್‌ಬಾಕ್ಸೇ ಹೋಗಿದೆ ಅಂತ ಲೆಕ್ಕ. ಸಿಗದಿದ್ರೆ ಬಚಾವ್. ನೋಡದೆ ನಾನು ಹೇಳುವುದಿಲ್ಲ.”

ಅವಳಿಗೆ ಹಿಡಿಸಿದ್ದು ಆ ಕೊನೆಯ ಮಾತು. ಅಪಘಾತದ ನಂತರ ಎಲ್ಲರೂ ನೋಡದೆಯೇ ಅವಳ ಬಗ್ಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದರು.

ಸೋಮವಾರ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟಳು. ಆ ಗಾಡಿಗೆ ಬೇಕಾದ ಆಯಿಲ್ ಥಾಣೆಯಿಂದ ಬರಬೇಕಿತ್ತು, ನಾಲ್ಕು ದಿನ ಹಿಡಿಯುತ್ತದೆ ಎಂದಿದ್ದ ತಾರಾನಾಥ.

ಗುರುವಾರ ಸಂಜೆ ಶೇರ್ ರಿಕ್ಷಾದಲ್ಲಿ ಒತ್ತಿಕೊಂಡು ಕುಳಿತು, ನೋಯುವ ಕಾಲೆಳೆದುಕೊಂಡು ಮನೆಗೆ ಬಂದಾಗ, ಕಾರು ಕಟ್ಟಡದ ಕೆಳಗೆ ನಿಂತಿತ್ತು.

ಅಪ್ಪ ಹರಿಶ್ಚಂದ್ರ ಬಾಲ್ಕನಿಯಲ್ಲಿದ್ದರು. ಮೂವತ್ತು ವರ್ಷ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮಗಳು, ಮಗಳಿಗೆ ಅವರು.

“ಗಾಡಿ ಬಂತಾ ಪಪ್ಪ! ಸರಿಯಾಯ್ತಾ?”

“ಇಲ್ಲ ಮಗಾ,” ಎಂದರು ಅವರು, ಅವಳ ಕಡೆ ನೋಡದೆ. “ನಾನೇ ರಿಕ್ಷಾದಲ್ಲಿ ಹೋಗಿದ್ದೆ. ಗ್ಯಾರೇಜಿನ ಹುಡುಗ ಗಾಡಿ ತಂದು ನಿಲ್ಲಿಸಿ ಹೋದ. ಗೇರ್‌ಬಾಕ್ಸ್ ಹೋಗಿದೆಯಂತೆ. ರಸ್ತೆಯ ನಡುವೆ ಎಲ್ಲಾದ್ರೂ ನಿಂತುಬಿಡಬಹುದಂತೆ. ಇನ್ನು ಓಡಿಸುದು ಬೇಡ. ಡೊಂಬಿವಲಿಯ ಒಬ್ಬರು ಇದ್ದ ಹಾಗೇ ತಗೊಳ್ತಾರೆ, ಆದಿತ್ಯವಾರ ಬರ್ತಾರೆ.”

“ತಾರಾನಾಥ್ ಹೇಳಿದ್ರಾ?”

“ಮತ್ಯಾರು?”

ಸ್ವರ್ಣಲತಾ ಒಳಗೆ ಹೋಗಿ ಫೋನ್ ಮಾಡಿದಳು.

“ತಟ್ಟೆ ಬಿಚ್ಚಿ ನೋಡಿದ್ರಾ?”

ತಾರಾನಾಥ ತಡವರಿಸಿದ. “ನೋಡಿದೆ. ನಿಮ್ಮ ಪಪ್ಪನ ಹತ್ರ ಎಲ್ಲ ಹೇಳಿದ್ದೇನೆ. ಅವರನ್ನೇ ಕೇಳಿ.”

“ಗಾಡಿ ನನ್ನದು. ನನಗೆ ಹೇಳ್ಬೇಕಿತ್ತು!”

“ಅವರೇ ಹೇಳಿದ್ರೆ ಒಳ್ಳೇದು ಅಂತ...”

ಅವಳು ಫೋನ್ ಕಟ್ ಮಾಡಿದಳು.

‘ಇವನೂ ಅಷ್ಟೇ. ಕಾಲಿಲ್ಲದವಳ ವಿಷಯ ಅಪ್ಪನ ಹತ್ತಿರ ಮಾತಾಡಿದ್ರೆ ಸಾಕು ಅಂದುಕೊಂಡ...’

ಶುಕ್ರವಾರ ಅವನು ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅತ್ತಳೇ? ಅತ್ತಳು. ಬೇಗ ಮುಗಿಸಿದಳು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಅಪ್ಪ ಹಾಲು ತರಲು ಹೋಗಿದ್ದಾಗ, ಮೊಳೆಗೆ ತೂಗುಹಾಕಿದ್ದ ಕೀ ತೆಗೆದುಕೊಂಡು ಕೆಳಗಿಳಿದಳು.

ಕೊಡುವ ಮೊದಲು ಕೊನೆಯದಾಗಿ ಒಂದು ಸಲ ಓಡಿಸಬೇಕೆಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ನಿಂತರೆ ನಿಲ್ಲಲಿ. ರಿಕ್ಷಾ ಹಿಡಿದು ವಾಪಸು ಬಂದರಾಯಿತು!

ಸೇತುವೆ ದಾಟಿತು. ಗಾಡಿ ನಿಲ್ಲಲಿಲ್ಲ. ಬೈಪಾಸ್ ಬಂತು.

ಐವತ್ತು... ಅರವತ್ತು... ಅರವತ್ತೈದು.

ಏನೂ ಇಲ್ಲ!

ಅವಳಿಗೆ ನಂಬಿಕೆ ಬರಲಿಲ್ಲ. ವೇಗ ಇಳಿಸಿ ಮತ್ತೆ ಏರಿಸಿದಳು. ಮೂರು ಸಲ ಹಾಗೆ ಮಾಡಿದಳು. ಸ್ಟಿಯರಿಂಗಿನ ಮೇಲೆ ಬೆರಳ ತುದಿಗಳನ್ನು ಮಾತ್ರ ಇಟ್ಟು ಕಾದಳು. ಗಾಡಿ ನೀರಿನ ಮೇಲೆ ದೋಣಿ ಹೋದಂತೆ ಹೋಗುತ್ತಿತ್ತು.

ಗೇರ್‌ಬಾಕ್ಸ್ ಹೋದ ಗಾಡಿ ಹೀಗೆ ಓಡುವುದಿಲ್ಲ. ಅಷ್ಟು ಅವಳಿಗೆ ಅರ್ಥವಾಗುತ್ತಿತ್ತು. ಯಾರೋ ಸುಳ್ಳು ಹೇಳಿದ್ದಾರೆ.

ಕಾರನ್ನು ನೇರ ಕೋನ್‌ಗಾಂವ್‌ಗೆ ತಿರುಗಿಸಿದಳು. ತಾರಾನಾಥ ಆಗಷ್ಟೇ ಗ್ಯಾರೇಜಿನ ಶಟರ್ ಎತ್ತುತ್ತಿದ್ದ.

“ಗೇರ್‌ಬಾಕ್ಸ್ ಹೋಗಿದೆ ಅಂದವರು ನೀವಾ?”

ಅವನು ತಿರುಗಿದ. ಮುಖ ಬಿಳಿಚಿತು. “ಅಲ್ಲ. ಚೂರು ಒಂದೂ ಸಿಗಲಿಲ್ಲ. ಆಯಿಲ್ ಬದಲಾಯಿಸಿದೆ, ಓಡಿಸಿ ನೋಡಿದೆ, ಸರಿಯಾಗಿತ್ತು. ನಿಮ್ಮ ಪಪ್ಪನಿಗೂ ಅದನ್ನೇ ಹೇಳಿದೆ.”

“ಮತ್ತೆ?”

ತಾರಾನಾಥ ಅರ್ಧ ಎತ್ತಿದ್ದ ಶಟರನ್ನು ಪೂರ್ತಿ ಮೇಲಕ್ಕೆ ದೂಡಿದ.

“ಗಾಡಿ ಹಾಳಾಗಿದೆ ಅಂತ ಹೇಳಲಿಕ್ಕೆ ಪಪ್ಪ ನಿಮ್ಮನ್ನು ಕೇಳಿದ್ರಾ?” ಅವಳ ದನಿ ಇಳಿದಿತ್ತು.

“ಕೇಳಿದ್ರು. ಆಗುದಿಲ್ಲ ಅಂದೆ. ಹಾಗಾದ್ರೆ ನಾನೇ ಹೇಳ್ತೇನೆ ಅಂದ್ರು. ನೀವು ಫೋನ್ ಮಾಡಿದಾಗ ಅವರೇ ನಿಜ ಹೇಳಲಿ ಅಂತ ಬಿಟ್ಟೆ. ನಾನು ಹೇಳಿ ಅಪ್ಪ ಮಗಳ ನಡುವೆ...” ಅವನು ಮಾತು ತಡೆದ. “ನಾನು ಸುಳ್ಳು ಹೇಳಲಿಲ್ಲ ಸ್ವರ್ಣಲತಾ. ಆದ್ರೆ ನಿಮಗೆ ನಿಜವನ್ನೂ ಹೇಳಲಿಲ್ಲ. ಅದು ನನ್ನ ತಪ್ಪು.”

“ಹೌದು. ತಪ್ಪೇ!” ಎಂದು ಅವಳು ಕಾರು ಹತ್ತಿದಳು.

ಮನೆಯಲ್ಲಿ ಹರಿಶ್ಚಂದ್ರ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಹಾಲಿನ ಪ್ಯಾಕೆಟ್ ಇನ್ನೂ ಕೈಯಲ್ಲೇ ಇತ್ತು. ಅವಳು ಬಾಗಿಲು ದೂಡಿ ಒಳಗೆ ಬಂದದ್ದನ್ನು ನೋಡಿ ಅವರಿಗೆ ಎಲ್ಲ ಗೊತ್ತಾಯಿತು.

“ಯಾಕೆ ಪಪ್ಪ?”

ಅವರು ಕುರ್ಚಿಯಲ್ಲಿ ಕುಳಿತರು. “ಆ ದಿನ ವಿಠ್ಠಲವಾಡಿಯಲ್ಲಿ ನಿನ್ನನ್ನು ಸ್ಟ್ರೆಚರಿಗೆ ಎತ್ತುವಾಗ ನಾನಿದ್ದೆ. ನಿನಗೆ ನೆನಪಿಲ್ಲ, ಒಳ್ಳೇದಾಯ್ತು. ನನಗುಂಟು. ನೀನು ಬೆಳಿಗ್ಗೆ ಆ ಗಾಡಿ ತಗೊಂಡು ಹೋದ್ರೆ ಸಂಜೆ ಅದು ಕೆಳಗೆ ಬಂದು ನಿಲ್ಲುವವರೆಗೆ ನನಗೆ ನೀರು ಸಹ ಇಳಿಯುದಿಲ್ಲ. ದೊಡ್ಡ ದೊಡ್ಡ ಟ್ರಕ್ಕು ಆ ರಸ್ತೆಯಲ್ಲಿ... ಗಾಡಿ ನಡುಗ್ತದೆ ಅಂತ ನೀನು ಹೇಳಿದಾಗ, ನನಗೊಂದು ದಾರಿ ಸಿಕ್ಕಿತು ಅನ್ನಿಸಿತು.”

ಬೈಯಬೇಕೆಂದು ಬಂದಿದ್ದಳು. ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದಳು. ಹಾಲಿನ ಪ್ಯಾಕೆಟ್ ಹಿಡಿದು ಕುಳಿತ ಮುದುಕನನ್ನು ನೋಡಿ ಅವೆಲ್ಲ ಎಲ್ಲಿಗೋ ಹೋದವು.

“ಪಪ್ಪ, ಎರಡು ವರ್ಷದಲ್ಲಿ ನೀವು ಒಂದು ಸಲವಾದ್ರೂ ನನ್ನ ಗಾಡಿಯಲ್ಲಿ ಕೂತಿದ್ದೀರಾ?”

ಅವರು ಇಲ್ಲವೆಂದು ತಲೆಯಾಡಿಸಿದರು.

“ಏಳಿ.”

ಆ ದಿನ ಅವಳು ಅಪ್ಪನನ್ನು ಭಿವಂಡಿಯವರೆಗೆ ಕರೆದುಕೊಂಡು ಹೋದಳು. ಮೊದಲ ಅರ್ಧ ದಾರಿ ಹರಿಶ್ಚಂದ್ರ ಬಾಗಿಲ ಮೇಲಿನ ಹಿಡಿಯನ್ನು ಬಿಡಲಿಲ್ಲ. ಪ್ರತಿ ಟ್ರಕ್ಕಿಗೂ ಕಣ್ಣು ಮುಚ್ಚಿದರು. ಗೋದಾಮಿನ ಎದುರು ಕಾರನ್ನು ಹಿಮ್ಮುಖವಾಗಿ ಎರಡು ಟೆಂಪೋಗಳ ನಡುವೆ ಅವಳು ನಿಲ್ಲಿಸಿದಾಗ, ಅವರು ಆ ಕಡೆ ಈ ಕಡೆ ನೋಡಿ, “ನಿಮ್ಮಮ್ಮ ನೋಡ್ಬೇಕಿತ್ತು” ಎಂದರು. ಬೇರೇನೂ ಹೇಳಲಿಲ್ಲ.

ಡೊಂಬಿವಲಿಯವರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ ಎಂದು ಹೇಳಿದ್ದೂ ಅವರೇ.

ತಾರಾನಾಥನ ಫೋನನ್ನು ಮಾತ್ರ ಅವಳು ಎತ್ತಲಿಲ್ಲ. ಫೆಬ್ರವರಿ ಹೋಯಿತು, ಮಾರ್ಚ್ ಬಂತು. ದಿನಾ ಎರಡು ಹೊತ್ತು ಅವನ ಗ್ಯಾರೇಜಿನ ಮುಂದೆಯೇ ಹಾದುಹೋಗಬೇಕಿತ್ತು. ನೋಡಬಾರದೆಂದುಕೊಂಡೇ ನೋಡುತ್ತಿದ್ದಳು. ಅವನು ಅಲ್ಲಿದ್ದರೆ ಸಿಟ್ಟು ಬರುತ್ತಿತ್ತು. ಇಲ್ಲದಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು!

ಮಾರ್ಚಿನ ಕೊನೆಯ ಶುಕ್ರವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಚೆಕಿಂಗ್ ಟೇಬಲಿನ ಆಚೆ ಕೆಲಸ ಮಾಡುತ್ತಿದ್ದ ಚಂದ್ರಬಾಯಿ ಕಿಟಕಿಯಿಂದ ಬಗ್ಗಿ ನೋಡಿದಳು.

“ಸ್ವರ್ಣಾಕ್ಕ, ಗೇಟಿನ ಹತ್ರ ಯಾರೋ ನಿಂತಾರ ನೋಡ್ರಿ. ನಿಮ್ಮ ಹೆಸರು ಹೇಳಾಕತ್ತಾರ. ಬಿಸಲಾಗ ಮಾರಿ ಕೆಂಪಗಾಗೇತಿ.”

ಸ್ವರ್ಣಲತಾ ನೋಡಿದಳು. ಇಸ್ತ್ರಿ ಹಾಕಿದ ಶರ್ಟು. ಎಣ್ಣೆಯ ಕಲೆ ಇಲ್ಲದ ಕೈ.

“ಐದಕ್ಕೆ ನನ್ನ ಕೆಲಸ ಮುಗೀತದೆ ಅಂತ ಹೇಳು,” ಎಂದು ಅವಳು ಮುಂದಿನ ಥಾನು ಬಿಚ್ಚಿದಳು. ಅದರಲ್ಲಿದ್ದ ತಪ್ಪುಗಳಲ್ಲಿ ಎಷ್ಟನ್ನು ಅವಳು ಕಂಡಳೋ ಹೇಳುವುದು ಕಷ್ಟ.

ಐದು ಗಂಟೆಗೆ ತಾರಾನಾಥ ಅಲ್ಲೇ ಇದ್ದ. ಪಕ್ಕದ ಚಹಾದ ಗಾಡಿಯ ಬೆಂಚಿನಲ್ಲಿ ಇಬ್ಬರೂ ಕುಳಿತರು. ಸುತ್ತಲಿನ ಮಗ್ಗಗಳ ಖಟಖಟ ಸದ್ದಿಗೆ ದನಿ ಏರಿಸಿಯೇ ಮಾತಾಡಬೇಕಿತ್ತು.

“ಗಾಡಿ ಹೇಗುಂಟು ಅಂತ ಕೇಳಲಿಕ್ಕೆ ಬಂದ್ರಾ?” ಎಂದಳು.

“ಅಲ್ಲ. ದಿನಾ ನನ್ನ ಎದುರೇ ಹೋಗ್ತದಲ್ಲ, ಸದ್ದು ಕೇಳಿದ್ರೆ ಗೊತ್ತಾಗ್ತದೆ. ಗಾಡಿಗೆ ಇನ್ನು ನಾನು ಬೇಡ.” ಅವನು ಗ್ಲಾಸನ್ನು ಕೆಳಗಿಟ್ಟ. “ಅದಕ್ಕೇ ತುಂಬ ದಿನ ಬರಲಿಕ್ಕೆ ಆಗಲಿಲ್ಲ. ಯಾವ ಕಾರಣ ಹೇಳಿ ಬರುದು? ಮೊನ್ನೆ ನಿಮ್ಮ ಪಪ್ಪ ಬಂದಿದ್ರು.”

ಅವಳು ಬೆಚ್ಚಿದಳು. “ಪಪ್ಪ! ಎಂತಕ್ಕೆ?”

“ತಪ್ಪಾಯ್ತು ಅಂತ ಹೇಳಿದ್ರು. ನಾನು ನಿಮಗೆ ಹೇಳ್ಬೇಕಿದ್ದ ಮಾತನ್ನು ಅಷ್ಟು ವಯಸ್ಸಿನವರು ನನಗೆ ಹೇಳಿದ್ರು. ನಾಚಿಕೆಯಾಯ್ತು. ಕಾರಣ ಇಲ್ಲದೆಯೇ ಬಂದೆ.”

ಸ್ವರ್ಣಲತಾ ತನ್ನ ಗ್ಲಾಸನ್ನೂ ಕೆಳಗಿಟ್ಟಳು.

“ನೋಡಿ, ನೀವು ಸುಳ್ಳು ಹೇಳಲಿಲ್ಲ, ಗೊತ್ತುಂಟು. ನನಗೆ ನೋವಾದದ್ದು ಅದಕ್ಕಲ್ಲ. ನನಗೆ ಒಳ್ಳೇದಾಗಲಿ ಅಂತ ಎಲ್ಲರೂ ನನ್ನನ್ನು ಬಿಟ್ಟು ಮಾತಾಡ್ತಾರೆ. ಡಾಕ್ಟರು, ಪಪ್ಪ, ನೆಂಟರು. ನೀವು ಮೊದಲ ದಿನ ನನ್ನನ್ನೇ ಕೇಳಿದಿರಿ. ಆಮೇಲೆ ನೀವೂ...” ಅವಳು ಅವನ ಕಡೆ ನೇರ ತಿರುಗಿದಳು. “ನನ್ನ ವಿಷಯ ನನ್ನನ್ನು ಕೇಳ್ಬೇಕು. ಒಳ್ಳೇದಕ್ಕೇ ಆದ್ರೂ.”

“ಕೇಳ್ತೇನೆ.”

“ಯಾವಾಗ?”

“ಈಗ ಕೇಳ್ಲಾ?” ಅವನ ಕಿವಿ ಕೆಂಪಾಗಿತ್ತು. “ನನಗೆ ನಿಮ್ಮ ಮೇಲೆ ಪ್ರೀತಿ ಉಂಟು ಸ್ವರ್ಣಲತಾ. ನನ್ನನ್ನು ಮದುವೆ ಆಗ್ತೀರಾ?”

ಅವನು ಹೇಳುತ್ತಿರುವಾಗಲೇ ಎದುರಿನ ಮಗ್ಗಗಳು ಪಾಳಿ ಬದಲಾಗಲು ನಿಂತವು. ಅವನ ಕೊನೆಯ ಮಾತು ಇಡೀ ಗಲ್ಲಿಗೆ ಕೇಳಿಸಿತು. ಚಹಾದವನು ಸೋಸುವುದನ್ನು ನಿಲ್ಲಿಸಿ ನೋಡಿದ.

ಅವಳು ತಲೆ ತಗ್ಗಿಸಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು.

“ಮನೆಗೆ ಹೋದ ಕೂಡಲೇ ನಾನು ಕಾಲು ಬಿಚ್ಚಿಡ್ತೇನೆ. ಮನೆ ಇಡೀ ಗೋಡೆ ಹಿಡಿದು ಕುಪ್ಪಳಿಸ್ತೇನೆ. ಕೆಲವು ದಿನ ನೋವು ಬಂದ್ರೆ ಯಾರ ಹತ್ರವೂ ಮಾತಾಡುದಿಲ್ಲ. ಇದೆಲ್ಲ ಗೊತ್ತಿರಬೇಕು ನಿಮಗೆ.”

ಅವನು ಗಂಭೀರವಾಗಿ ಕೇಳಿಸಿಕೊಂಡ. “ನನಗೆ ಗೊರಕೆ ಉಂಟು,” ಎಂದ.

“ಜೋರಾ?”

“ಶಾರ್ಜಾದಲ್ಲಿ ರೂಮಿನವರು ಎರಡು ಸಲ ಹೊರಗೆ ಹಾಕಿದ್ದಾರೆ.”

ಈ ಸಲ ಅವಳ ನಗು ನಿಲ್ಲಲಿಲ್ಲ. ಕಣ್ಣೀರು ಬರುವವರೆಗೂ ನಕ್ಕಳು. ಒರೆಸಿಕೊಳ್ಳಲು ಅವನು ಕರವಸ್ತ್ರ ಕೊಟ್ಟ. ಅದನ್ನು ತೆಗೆದುಕೊಳ್ಳುವಾಗ ಅವನ ಬೆರಳುಗಳನ್ನೂ ಸೇರಿಸಿ ಹಿಡಿದಳು. ಬಿಡಲಿಲ್ಲ.

“ಹಾಗಾದ್ರೆ ನಾನು ನಿದ್ದೆ ಹೋದ ಮೇಲೆ ನೀನು ಮಲಗ್ಬೇಕು,” ಎಂದಳು.

‘ನೀನು’ ಎಂದದ್ದು ಅವನಿಗೆ ಕೇಳಿಸಿತು.

“ಆಯ್ತು,” ಎಂದ ತಾರಾನಾಥ. “ನಿನಗೆ ನಿದ್ದೆ ಬರುವವರೆಗೆ ಕೂತಿರ್ತೇನೆ.”